ಎಡಗಾಲಿನ ನೆಗೆತ

ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಷೌರಿಕನಾದವನು ಏನು ಮಾಡುತ್ತಾನೆ? ಪತ್ರಿಕೆ ತಿರುವಿಹಾಕುತ್ತಾನೆ, ಬಾಗಿಲಲ್ಲಿ ನಿಂತು ಬೀದಿಯಲ್ಲಿ ಹೋಗುವ ತಲೆಗಳಲ್ಲಿ ಯಾವುದು ಕತ್ತರಿಗೆ ಬಂದಿದೆ ಎಂದು ಅಳೆಯುತ್ತಾನೆ, ಇಲ್ಲವೇ ತನ್ನದೇ ಕುರ್ಚಿಯಲ್ಲಿ ಕೂತು ತೂಕಡಿಸುತ್ತಾನೆ. ನಮ್ಮ ಈ ಕ್ಷೌರಿಕ ಮಾತ್ರ ಪೌಡರ್ ಡಬ್ಬಿಗೆ ಫೋನು ಒರಗಿಸಿ, ಅಂಗಡಿಯ ನಟ್ಟನಡುವೆ ಒಂಟಿಗಾಲಲ್ಲಿ ನಿಂತು, ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಗಿರ್ರನೆ ತಿರುಗುತ್ತಿದ್ದ. ನೆಲದ ಮೇಲೆ ಬಿದ್ದ ಕೂದಲಿನಲ್ಲಿ ಕಾಲು ಜಾರಿ ಗೋಡೆಗೆ ಬಡಿದುಕೊಳ್ಳುತ್ತಿದ್ದ. ಹೊಟ್ಟೆ ಬಂದ ಗಂಡಸು, ಮೈಮೇಲೆ ಬಿಳಿ ಕೋಟು ಬೇರೆ. ಪಕ್ಕದ ಚಪ್ಪಲಿ ಅಂಗಡಿಯವನು ಮೊದಮೊದಲು ಗಾಬರಿಬಿದ್ದು ಓಡಿಬಂದ. ಆಮೇಲಾಮೇಲೆ ಸ್ಟೂಲು ತಂದುಕೊಂಡು ಕೂತು ನೋಡತೊಡಗಿದ.

ನಗುವವರು ನಗಲಿ, ಅವನಿಗಂತೂ ನಗು ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡವನು ಎಲ್ಲಿ ನಗುತ್ತಾನೆ.

ಅವನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಒಂದು ಸುತ್ತು ಸುತ್ತಿಸಿದರೆ ಇಳಿಯಲೊಲ್ಲದೆ ಇನ್ನೊಂದು, ಮತ್ತೊಂದು ಎಂದು ಹಟ ಹಿಡಿಯುತ್ತಿದ್ದಳಾದ್ದರಿಂದ ಬುಗುರಿ ಎಂಬ ಹೆಸರು ಬಿತ್ತು. ಹಳೆಯ ಬಸ್ ಡಿಪೋದ ಹಿಂದೆ, ಸ್ಕೇಟ್ಸ್ ಕಟ್ಟಿಕೊಂಡು ಜಾರುವ ಒಂದು ಐಸ್ ರಿಂಕ್ ಇತ್ತು. ಶಾಲೆಯವರು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದದ್ದೇ ತಡ, ಬುಗುರಿ ಮನೆಗೆ ಬಂದರೂ ಅವಳ ಜೀವ ಅಲ್ಲೇ ಉಳಿಯಿತು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲುಗಳು ತಮ್ಮ ಪಾಡಿಗೆ ತಾವು ಜಾರುತ್ತಿದ್ದವು. ರಿಂಕಿನ ಮುದುಕ ಕೋಚ್ ಅವಳಿಗೆ ಜಾರುವುದು, ನಿಲ್ಲುವುದು, ಒಂಟಿಗಾಲಲ್ಲಿ ನಿಂತು ಸುತ್ತುವುದು ಎಲ್ಲವನ್ನೂ ಕಲಿಸಿದ. ನೆಗೆತಗಳನ್ನು ಶುರುಮಾಡಬೇಕು ಅನ್ನುವಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟು, ದೂರದೂರಿನ ಮಗಳ ಮನೆ ಸೇರಿಕೊಂಡ. ಬೇರೆ ಕೋಚ್ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಈ ಚಳಿಗಾಲ ಮುಗಿದ ಮೇಲೆ ರಿಂಕ್ ಮುಚ್ಚಿ ಗೋದಾಮು ಮಾಡುತ್ತೇವೆ ಎಂದು ಬಾಗಿಲಿಗೆ ನೋಟಿಸು ಅಂಟಿಸಿಯಾಗಿತ್ತು.

ಉಳಿದದ್ದು ಒಂದೇ ದಾರಿ. ದೊಡ್ಡ ಊರಿನ ತರಬೇತಿ ಕೇಂದ್ರದವರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಆರಿಸಿಕೊಂಡು ಹೋಗುತ್ತಿದ್ದರು. ಆಯ್ಕೆಯಾದರೆ ವಸತಿ, ಕೋಚ್, ಐಸು ಎಲ್ಲವೂ ಅವರದೇ. ಹನ್ನೆರಡು ದಾಟಿದವರು ಅವರಿಗೆ ಬೇಡ. ಬುಗುರಿಗೆ ಇದೇ ಕೊನೆಯ ಸಲ. ಆಯ್ಕೆಗೆ ನಿಂತ ಮಗು ಆಕ್ಸೆಲ್ ಎಂಬ ನೆಗೆತವನ್ನು ಮಾಡಿ ತೋರಿಸಲೇಬೇಕು. ಅದು ಬಂದರೆ ಅವಳಿಗೆ ಐಸು ಉಂಟು. ಬಾರದಿದ್ದರೆ ಇನ್ನು ಮುಂದೆ ಐಸು ಅಂದರೆ ಫ್ರಿಜ್ಜಿನೊಳಗೆ ಇರುತ್ತದಲ್ಲ, ಅದು ಮಾತ್ರ.

ಕೋಚ್ ಊರು ಬಿಟ್ಟ ವಾರ ಮಗಳು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಾಗ ಕ್ಷೌರಿಕ ಹಿಂದುಮುಂದು ನೋಡದೆ ಒಂದು ಮಾತು ಹೇಳಿಬಿಟ್ಟ. "ನಾನಿಲ್ವಾ? ನಾನು ಕಲಿಸ್ತೀನಿ, ಏಳು."

ಹೇಳಿದ್ದೇನೋ ಸುಲಭ. ಅವನು ಜನ್ಮದಲ್ಲಿ ಸ್ಕೇಟ್ಸ್ ಕಟ್ಟಿದವನಲ್ಲ. ಮೊದಲು ನಿಯಮಗಳಿಂದ ಹಿಡಿದ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಪರಭಾಷೆ. ಫೋನಿಗೇ ಅನುವಾದ ಮಾಡು ಅಂದರೆ ಅದು ತನಗೆ ತೋಚಿದ್ದು ಹೇಳಿತು. ಒಂದು ನೆಗೆತಕ್ಕೆ ಕಾಲ್ಬೆರಳಿನ ಕುಣಿಕೆ ಅಂದಿತು, ಒಂದು ಸುತ್ತಿಗೆ ಹಾರುವ ಒಂಟೆ ಅಂದಿತು. ಆಕ್ಸೆಲ್ಲನ್ನು ಗಾಡಿಯ ಅಚ್ಚು ಮಾಡಿಟ್ಟಿತು. ಒಂಟೆ ಮತ್ತು ಅಚ್ಚುಗಳ ನಡುವೆ ತಡಕಾಡುತ್ತ ಅವನು ಒಂದೊಂದೇ ಹಿಡಿದುಕೊಂಡ. ಸ್ಕೇಟಿನ ಬ್ಲೇಡಿಗೆ ಒಂದಲ್ಲ, ಒಳಗೊಂದು ಹೊರಗೊಂದು ಎರಡು ಅಂಚು. ಯಾವ ಅಂಚಿನಿಂದ ಹೊರಟೆ ಎಂಬುದರ ಮೇಲೆ ನೆಗೆತದ ಹೆಸರು. ಅಂಚು ತಪ್ಪಿದರೆ ಅಂಕ ಕಡಿತ, ಸುತ್ತು ಕಾಲುಭಾಗ ಕಡಿಮೆಯಾದರೂ ಕಡಿತ, ಬಿದ್ದರೆ ಅದಕ್ಕೆ ಬೇರೆ ಕಡಿತ. ರೇಜರ್ ಹಿಡಿದು ಬಾಳಿದವನಿಗೆ ಅಂಚಿನ ವಿಷಯ ಬಿಡಿಸಿ ಹೇಳಬೇಕೆ? ಅದನ್ನು ಓದಿದ ದಿನ ಅವನಿಗೆ ತಾನು ಈ ಆಟಕ್ಕೆಂದೇ ಹುಟ್ಟಿದವನು ಅನ್ನಿಸಿತು. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚಿ, ಹಿಂದಿನ ಹೊರ ಅಂಚಿಗೂ ಹಿಂದಿನ ಒಳ ಅಂಚಿಗೂ ಇರುವ ವ್ಯತ್ಯಾಸ ವಿವರಿಸುತ್ತಿದ್ದ. ಕುತ್ತಿಗೆಯ ಮೇಲೆ ರೇಜರ್ ಇರುವಾಗ ಯಾವ ಗಿರಾಕಿ ತಾನೇ ಬೇಡ ಅನ್ನುತ್ತಾನೆ.

ನಿಯಮ ಓದಿ ತಿಳಿಯಬಹುದು. ನೆಗೆತಕ್ಕೆ ವಿಡಿಯೊಗಳೇ ಗತಿ. ಅವುಗಳಲ್ಲೊಂದು ಅವನಿಗೆ ಬಹಳ ಹಿಡಿಸಿತು. ಜಡೆ ಬಿಗಿದು ಕಟ್ಟಿದ ಹೆಂಗಸೊಬ್ಬಳು ಎದುರಿಗೆ ಮುಖ ಮಾಡಿ ನಿಂತು ಪ್ರತಿ ನೆಗೆತವನ್ನೂ ಮೊದಲು ನೆಲದ ಮೇಲೆ, ಆಮೇಲೆ ಐಸಿನ ಮೇಲೆ, ಬಿಡಿಬಿಡಿಯಾಗಿ ಮಾಡಿ ತೋರಿಸುತ್ತಿದ್ದಳು. ಅವಳ ಮಾತು ತಲೆಬುಡ ಅರ್ಥವಾಗದ್ದರಿಂದ ದನಿ ಅಡಗಿಸಿಬಿಟ್ಟ. ಕೆಲಸ ಕಲಿಯುವವನಿಗೆ ಕಣ್ಣು ಸಾಕು, ತಾನು ಕತ್ತರಿ ಹಿಡಿಯಲು ಕಲಿತದ್ದೂ ನೋಡಿಯೇ ಎಂಬ ಹಮ್ಮು ಅವನಿಗಿತ್ತು.

ಆ ಕಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಇಪ್ಪತ್ತು ವರ್ಷದಿಂದ ಅವನು ಗಿರಾಕಿಗಳ ಬೆನ್ನ ಹಿಂದೆ ನಿಂತವನು. ಅವರ ಮುಖ ನೋಡಿದ್ದು, ಅವರೊಡನೆ ಹರಟಿದ್ದು, ನಕ್ಕಿದ್ದು, ಎಲ್ಲವೂ ಎದುರಿನ ಕನ್ನಡಿಯಲ್ಲಿ. ಮನೆಯಲ್ಲೂ ಹೆಂಡತಿಯೊಡನೆ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕಾದರೆ ಅವನಿಗೆ ಏನೋ ಇರಿಸುಮುರಿಸು. ಅವಳು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಹಿಂದೆ ನಿಂತು ಮಾತು ತೆಗೆಯುತ್ತಿದ್ದ.

ಹೀಗೆ ಕಲಿತು, ಹೀಗೆ ಕಲಿಸಿ, ಬುಗುರಿಗೆ ಚಿಕ್ಕ ನೆಗೆತಗಳೆಲ್ಲ ಬಂದವು. ಅಪ್ಪ ರಿಂಕಿನ ಸುತ್ತಲಿನ ಕಟಾಂಜನದ ಆಚೆ ನಿಂತು ಕೈಕಾಲು ಆಡಿಸಿ ತೋರಿಸುವುದು, ಮಗಳು ಐಸಿನ ಮೇಲೆ ಹಾರುವುದು. ಒಂದೊಂದು ನೆಗೆತ ಸರಿಯಾಗಿ ಇಳಿದಾಗಲೂ ಕ್ಷೌರಿಕ ಚಪ್ಪಾಳೆ ತಟ್ಟಿ, ತನ್ನ ಬೂಟಿನಲ್ಲೇ ಐಸಿಗೆ ಇಳಿದು, ಐಸು ಸಮ ಮಾಡುವ ಗಾಡಿಯವನಿಂದ ಬೈಸಿಕೊಳ್ಳುತ್ತಿದ್ದ. ಜೀವನದಲ್ಲಿ ಅಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ. ಹೆಂಡತಿಗೆ ಇದು ಗೊತ್ತಿತ್ತು, ಪಾಪ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಆಮೇಲೆ ಬಂತು ಆಕ್ಸೆಲ್.

ಉಳಿದ ನೆಗೆತಗಳೆಲ್ಲ ಬೆನ್ನು ಮುಂದಾಗಿ ಜಾರುತ್ತ ಹೊರಡುವಂಥವು. ಇದೊಂದೇ ಎದುರು ಮುಖ ಮಾಡಿ ಹಾರುವುದು. ಹಾರಿ, ಗಾಳಿಯಲ್ಲಿ ಒಂದೂವರೆ ಸುತ್ತು ಮುಗಿಸಿ, ಹಿಂದಕ್ಕೆ ಜಾರುತ್ತ ಒಂಟಿಗಾಲಲ್ಲಿ ಇಳಿಯಬೇಕು. ಬುಗುರಿ ಹಾರಿದಳು, ಬಿದ್ದಳು. ಎದ್ದು ಹಾರಿದಳು, ಮತ್ತೆ ಬಿದ್ದಳು. ಗಾಳಿಯಲ್ಲಿ ಅವಳ ಮೈ ಬಿಗಿಯಾಗುವ ಬದಲು ಬಿಚ್ಚಿಕೊಳ್ಳುತ್ತಿತ್ತು, ಯಾರೋ ಎರಡೂ ಕಡೆಯಿಂದ ಎಳೆದಂತೆ. ಪ್ರತಿ ಸಲವೂ ಅದೇ ಸೊಂಟದ ಮೇಲೆ ದೊಪ್ಪನೆ ಬೀಳುತ್ತಿದ್ದಳು. ಕ್ಷೌರಿಕ ಮತ್ತೆ ವಿಡಿಯೊ ನೋಡಿದ. ಕಾಲು ಸರಿ ಇದೆ, ಅಂಚು ಸರಿ ಇದೆ, ಕೈ ಸರಿ ಇದೆ. ಗಾಳಿಯಲ್ಲಿ ಸುತ್ತುವುದು ಅಭ್ಯಾಸವಾಗಲಿ ಎಂದು ಸಂಜೆ ಹೊತ್ತು ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಮುದುಕ ಕೋಚ್ ಕಲಿಸಿದ್ದ ಕಡೆಗೇ, ಎಡಕ್ಕೆ, ಜೋರಾಗಿ ತಿರುಗಿಸುತ್ತಿದ್ದ. ಕುರ್ಚಿಯಲ್ಲಿ ಅವಳು ಅಪ್ಪಟ ಬುಗುರಿ. ಐಸಿನ ಮೇಲೆ ಹಾರಿದರೆ ಮೂಟೆ.

ಎಲ್ಲ ಸರಿ ಇದ್ದೂ ಆಗುತ್ತಿಲ್ಲ ಅಂದರೆ ಇನ್ನೇನಿರಬೇಕು? ಭಯ. ಇಂಟರ್ನೆಟ್ಟಿನಲ್ಲಿ ಯಾರೋ ಬರೆದದ್ದನ್ನು ಅವನು ಓದಿದ್ದ. ಆಕ್ಸೆಲ್ ಬಾರದ ಮಕ್ಕಳಿಗೆ ಬಾರದಿರುವುದು ಧೈರ್ಯವಂತೆ. ಆ ಒಂದು ವಾಕ್ಯ ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

"ಹೆದರ್ಕೊಂಡು ಹಾರಿದ್ರೆ ಹೀಗೇ ಆಗೋದು."

"ಹೆದರ್ತಾ ಇಲ್ಲ ಅಪ್ಪಾ."

"ಮತ್ತೆ ಗಾಳೀಲಿ ಯಾಕೆ ಮೈ ಬಿಡ್ತೀಯ? ಧೈರ್ಯ ಇರೋರು ಮೈ ಬಿಡಲ್ಲ. ಇನ್ನೊಂದು ಸಲ."

ಇನ್ನೊಂದು ಸಲ, ಇನ್ನೊಂದು ಸಲ. ಚಿಕ್ಕಂದಿನಲ್ಲಿ ಅವಳು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ ಮಾತನ್ನು ಈಗ ಅವನು ಹೇಳತೊಡಗಿದ. ಹೇಳುವಾಗ ಅವನ ದನಿ ಅವನಿಗೇ ಗುರುತು ಸಿಗದಷ್ಟು ಗಡುಸಾಗಿರುತ್ತಿತ್ತು.

ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹೆಂಡತಿ ಮುಲಾಮಿನ ಟ್ಯೂಬುಗಳನ್ನು ತಂದು ತಂದು ಸಾಕಾಗಿ ಒಂದು ದಿನ ಮಗಳ ಅಂಗಿಯ ಅಂಚನ್ನು ಸರಿಸಿ ತೋರಿಸಿದಳು. "ನೋಡ್ರೀ ಇಲ್ಲಿ. ನೀಲಿ, ಹಸಿರು, ಹಳದಿ. ಇನ್ಯಾವ ಬಣ್ಣ ಬರ್ಬೇಕು ನಿಮಗೆ?"

ಅವನು ನೋಡಿದ. ಮಗಳ ಅಂಗಿಯನ್ನು ಮೆಲ್ಲಗೆ ಕೆಳಗೆಳೆದ. ಆದರೆ ರಿಂಕಿನ ಬಾಗಿಲ ನೋಟಿಸು ಅವನ ಕಣ್ಣೆದುರಿಗೆ ಬಂತು. "ಈಗ ಬಿಟ್ರೆ ಬಿದ್ದಿದ್ದೆಲ್ಲ ದಂಡ ಕಣೇ," ಅಂದ.

ಆಯ್ಕೆಗೆ ಸ್ವಲ್ಪವೇ ದಿನ ಉಳಿದಿತ್ತು. ಒಂದು ಬೆಳಗ್ಗೆ ಬುಗುರಿ ಕಟಾಂಜನದ ಬಳಿ ಜಾರಿಬಂದು ನಿಂತು, ಕೈಗವಸು ಕಚ್ಚುತ್ತ ಕೇಳಿದಳು. "ಅಪ್ಪಾ, ನಿನ್ನ ಫೋನಲ್ಲಿ ಆ ವಿಡಿಯೊ ನೋಡ್ದೆ. ಅವಳು ಎಡಗಾಲಲ್ಲಿ ಹಾರ್ತಾಳಲ್ವಾ? ನಾನು ಬಲಗಾಲಲ್ಲಿ ಹಾರ್ತೀನಿ."

"ಬಲಗಾಲೇ ಅದು. ನೋಡಿ ಕಲ್ತವನು ನಾನೋ ನೀನೋ?"

"ಇಲ್ಲ ಅಪ್ಪಾ, ಸರಿಯಾಗಿ ನೋಡ್ದೆ. ಈ ಕಡೆಗೆ ಹಾರಿ ನೋಡ್ಲಾ, ಒಂದೇ ಒಂದ್ಸಲ? ಸುತ್ತೋದೂ ನಾನು ಈ ಕಡೆಗೇ ಅಲ್ವಾ..."

ಇಲ್ಲಿ ಅವನು ಬೇರೇನಾದರೂ ಹೇಳಬಹುದಿತ್ತು. ಹೇಳಲಿಲ್ಲ. ರಾತ್ರಿಯಿಡೀ ನಿದ್ದೆ ಇರಲಿಲ್ಲ, ದಿನ ಹತ್ತಿರ ಬರುತ್ತಿತ್ತು, ಕಲಿತದ್ದನ್ನೆಲ್ಲ ಈಗ ಬುಡದಿಂದ ತಿರುಗಿಸು ಅನ್ನುವ ಮಾತು ಅವನ ಕಿವಿಗೆ ಬೇಡವಾಗಿತ್ತು. "ಹಾರೋದು ಯಾವ ಕಾಲಿಂದ ಅಂತ ನಿಯಮದಲ್ಲಿ ಎಲ್ಲೂ ಬರ್ದಿಲ್ಲ," ಎಂದು ಗದರಿದ. "ಪೂರ್ತಿ ಓದಿದ್ದೀನಿ ನಾನು. ಅಂಚು ಮಾತ್ರ ನೋಡ್ತಾರೆ. ಭಯಕ್ಕೆ ನೆಪ ಹುಡುಕ್ಬೇಡ. ಹೋಗು, ಇನ್ನೊಂದು ಸಲ."

ಅವನು ಹೇಳಿದ ನಿಯಮ ಸುಳ್ಳಲ್ಲ. ಬುಗುರಿ ತಿರುಗಿ ಹೋಗಿ, ಬಲಗಾಲಿನಿಂದ ಹಾರಿ, ಬಿದ್ದಳು. ಆ ದಿನದಿಂದ ಅವಳು ಏನನ್ನೂ ಕೇಳಲಿಲ್ಲ. ಮಾತಿಲ್ಲದೆ ಹಾರಿ ಮಾತಿಲ್ಲದೆ ಬೀಳುವ ಮಗಳನ್ನು ಕಂಡು ಕ್ಷೌರಿಕ, ಅಂತೂ ಧೈರ್ಯ ಬರುತ್ತಿದೆ ಎಂದುಕೊಂಡ.

ಆಯ್ಕೆಯ ದಿನ ಅಂಗಡಿಯಲ್ಲೇ ಮಗಳ ತಲೆ ಕಟ್ಟಿದ. ಒಂದು ಎಳೆಯೂ ಹಾರದಂತೆ ಗಂಟು ಬಿಗಿದು, ಪಿನ್ನುಗಳನ್ನು ಅಡಗಿಸಿ ಚುಚ್ಚಿ, ಕನ್ನಡಿಯಲ್ಲಿ ಅವಳ ಕಣ್ಣು ಹುಡುಕಿ, "ಭಯ ಬೇಡ," ಅಂದ. ಬುಗುರಿ ತಲೆಯಾಡಿಸಿದಳು.

ಕೇಂದ್ರದಿಂದ ಬಂದಿದ್ದ ಕೋಚ್ ಒಬ್ಬ ಹೆಂಗಸು. ನರೆತ ಕೂದಲನ್ನು ಗಂಡಸರಂತೆ ಗಿಡ್ಡ ಕತ್ತರಿಸಿಕೊಂಡಿದ್ದಳು, ಹಿಂದುಗಡೆ ಯಾರೋ ಕೆಲಸ ಬಾರದವರು ಕತ್ತರಿ ಆಡಿಸಿದ್ದರು. ಪ್ರಾಣವೇ ಬಾಯಿಗೆ ಬಂದಿದ್ದ ಹೊತ್ತಿನಲ್ಲೂ ಕ್ಷೌರಿಕನಿಗೆ ಅದು ಕಾಣದೆ ಹೋಗಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಐಸಿಗೆ ಇಳಿದರು. ಬುಗುರಿಯ ಸರದಿ ಬಂದು, ಅವಳು ಎರಡು ಕೈ ಚಾಚಿ ಜಾರಿದಾಗ ಕೋಚ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದಳು. ಸುತ್ತಿದಾಗ ಪಕ್ಕದವರಿಗೆ ಏನೋ ಹೇಳಿ ತಲೆದೂಗಿದಳು. ಕ್ಷೌರಿಕನ ಕಣ್ಣು ಮಂಜಾಯಿತು. ಆಯಿತು, ಕೆಲಸ ಆಯಿತು ಎಂದು ಕಟಾಂಜನವನ್ನು ಹಿಸುಕಿದ.

ಚಿಕ್ಕ ನೆಗೆತಗಳು ಬಂದವು. ಕೋಚ್ ಹುಬ್ಬು ಗಂಟಿಕ್ಕಿದಳು. ಆಮೇಲೆ ಆಕ್ಸೆಲ್. ಬುಗುರಿ ಹಾರಿದಳು, ಬಿದ್ದಳು. ಇನ್ನೊಂದು ಅವಕಾಶ ಕೊಟ್ಟರು, ಅದರಲ್ಲೂ ಬಿದ್ದಳು. ಈ ಸಲ ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಕೋಚ್ ಅವಳನ್ನು ಹೊರಗೆ ಕರೆದು, ಸ್ಕೇಟ್ಸ್ ಬಿಚ್ಚಿಸಿ, ರಬ್ಬರ್ ಹಾಸಿನ ಮೇಲೆ ನಿಲ್ಲಿಸಿದಳು. ಕ್ಷೌರಿಕ ಓಡಿಬಂದು ಪಕ್ಕದಲ್ಲಿ ನಿಂತ.

"ಏನೂ ಯೋಚಿಸ್ಬೇಡ ಮಗು. ನಿಂತಲ್ಲೇ ಎಗರಿ ಒಂದು ಸುತ್ತು ತಿರುಗು, ನೋಡೋಣ."

ಬುಗುರಿ ಎಗರಿದಳು. ಎಡಕ್ಕೆ ತಿರುಗಿ, ಹಗುರವಾಗಿ, ಬಲಗಾಲಿನ ಮೇಲೆ ನಿಂತಳು.

ಕೋಚ್ ಉಸಿರು ಬಿಟ್ಟಳು. "ಅದೇ ಅಂದ್ಕೊಂಡೆ. ನಿನ್ನ ಮೈ ಎಡಕ್ಕೆ ತಿರುಗೋ ಮೈ. ನಿನ್ನ ಸುತ್ತುಗಳೆಲ್ಲ ಎಡಕ್ಕೆ, ಬಹಳ ಚೆನ್ನಾಗಿವೆ. ನೆಗೆತ ಮಾತ್ರ ಎಲ್ಲಾ ಬಲಕ್ಕೆ ಮಾಡ್ತೀಯ. ಚಿಕ್ಕವು ಹೇಗೋ ನಡೀತವೆ. ಆಕ್ಸೆಲ್‌ನಲ್ಲಿ ನಡಿಯಲ್ಲ, ಯಾಕಂದ್ರೆ ಹಾರಿದ ಮೇಲೆ ಗಾಳೀಲಿ ಮಾಡ್ಬೇಕಾದ್ದು ನೀನು ಐಸ್ ಮೇಲೆ ಸುತ್ತೋ ಅದೇ ಸುತ್ತು. ಕಾಲು ಒಂದು ಕಡೆ ಹೇಳುತ್ತೆ, ಮೈ ಇನ್ನೊಂದು ಕಡೆ ಹೇಳುತ್ತೆ. ಯಾರು ಕಲಿಸಿದ್ದು ನಿನಗೆ ನೆಗೆತ?"

ಕ್ಷೌರಿಕನಿಗೆ ಒಮ್ಮೆಲೇ ಎಲ್ಲ ಕಂಡಿತು. ಪೌಡರ್ ಡಬ್ಬಿಗೆ ಒರಗಿದ ಫೋನು, ಅದರೊಳಗೆ ತನ್ನ ಕಡೆ ಮುಖ ಮಾಡಿ ನಿಂತ ಹೆಂಗಸು. ಎದುರು ನಿಂತವರ ಎಡಗಾಲು ನೋಡುವವನ ಬಲಗಡೆಗೆ ಕಾಣುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಇವನಿಗೆ ಎದುರಿಗೆ ಕಾಣುವ ಮುಖವೆಲ್ಲ ಕನ್ನಡಿಯ ಮುಖ, ಕನ್ನಡಿಯಲ್ಲಿ ಬಲಗಡೆ ಕಂಡದ್ದು ಬಲವೇ. ಆ ಹೆಂಗಸಿನ ಎಡಗಾಲನ್ನು ಅವನು ಬಲಗಾಲು ಮಾಡಿ ಮಗಳಿಗೆ ಕೊಟ್ಟಿದ್ದ. ಅವಳಿಗಿದ್ದದ್ದು ಭಯವಲ್ಲ. ಯಾವತ್ತೂ ಭಯವಾಗಿರಲಿಲ್ಲ.

ಬಾಯಿ ತೆರೆದ. ನಾಲಿಗೆ ಏಳಲಿಲ್ಲ.

"ನಾನೇ ಕಲ್ತಿದ್ದು," ಅಂದಳು ಬುಗುರಿ, ನೆಲ ನೋಡುತ್ತ. "ಫೋನ್ ನೋಡಿ."

ಕೋಚ್ ಅವಳ ಭುಜ ತಟ್ಟಿದಳು. "ಒಬ್ಬಳೇ ಇಷ್ಟು ಕಲ್ತಿದ್ದು ದೊಡ್ಡದು. ಆದ್ರೆ ಎಲ್ಲಾ ನೆಗೆತ ಬಿಚ್ಚಿ ಮೊದಲಿಂದ ಕಟ್ಬೇಕು. ಅಷ್ಟು ಹೊತ್ತಿಗೆ ನಿನ್ನ ವಯಸ್ಸು ದಾಟುತ್ತೆ. ಈಗ ತಗೊಳ್ಳೋಕೆ ನನಗೆ ಅಧಿಕಾರ ಇಲ್ಲ, ಮಗು. ಯಾರಾದ್ರೂ ದೊಡ್ಡವರು ಜೊತೇಲಿದ್ದು ಸರಿಯಾಗಿ ನೋಡಿದ್ರೆ..." ಅನ್ನುತ್ತ ಕ್ಷೌರಿಕನ ಕಡೆ ತಿರುಗಿ, "ನೀವು ತಂದೆಯಾ?" ಎಂದು ಕೇಳಿದಳು.

"ಹೌದು," ಅಂದ ಅವನು. ಅಷ್ಟೇ ಅಂದ.

ಮನೆಗೆ ಹೋಗಿ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಮಗಳನ್ನು ಅಂಗಡಿಗೆ ಕರೆತಂದ. ಮಧ್ಯಾಹ್ನದ ಬಿಸಿಲು ಬಾಗಿಲ ಗಾಜಿನಿಂದ ಒಳಗೆ ಬಿದ್ದಿತ್ತು. ಬುಗುರಿ ಹೇಳಿಸಿಕೊಳ್ಳದೆ ಕುರ್ಚಿ ಹತ್ತಿ, ನೋಯುವ ಸೊಂಟವನ್ನು ಒಂದು ಕಡೆ ವಾಲಿಸಿ ಕೂತಳು. ಅವನು ಹಿಂದೆ ನಿಂತು ತಲೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆಯತೊಡಗಿದ. ತೆಗೆಯುತ್ತ ತೆಗೆಯುತ್ತ ತಲೆ ಎತ್ತಿದ. ಕನ್ನಡಿಯಲ್ಲಿ ಅವಳು ಅವನನ್ನೇ ನೋಡುತ್ತಿದ್ದಳು.

"ನಿನಗೆ ಭಯ ಇರ್ಲಿಲ್ಲ ಬುಗುರಿ," ಅಂದ.

"ನಂಗೊತ್ತು."

"ತಪ್ಪು ನಂದು."

"ಅದೂ ಗೊತ್ತು. ನಾನು ಹೇಳಿದ್ದೆ." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನೀನು ಬೈದ ಮಾರನೇ ದಿನ, ನೀನು ಬಾತ್‌ರೂಮಿಗೆ ಹೋದಾಗ, ಎಡಗಾಲಲ್ಲಿ ಒಂದ್ಸಲ ಹಾರಿ ನೋಡ್ದೆ. ಇಳಿಯೋಕೆ ಬರ್ಲಿಲ್ಲ, ಬಿದ್ದೆ. ಆದ್ರೆ ಮೇಲೆ ಹೋದಾಗ ಪೂರ್ತಿ ಸುತ್ತು ಆಯ್ತು. ಐಸ್ ಗಾಡಿಯವನು ನೋಡಿದ, ಬೇಕಾದ್ರೆ ಕೇಳು."

"ಆಗ್ಲೇ ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಮತ್ತೆ ನೆಪ ಅಂತಿದ್ದೆ."

ಕ್ಷೌರಿಕ ಇಪ್ಪತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಆಗ ಮಾಡಿದ. ಕುರ್ಚಿಯನ್ನು ಹಿಡಿದು ಕನ್ನಡಿಗೆ ಬೆನ್ನಾಗುವಂತೆ ತಿರುಗಿಸಿ, ತಾನು ಅವಳ ಮುಂದೆ ಬಂದು ನಿಂತ. ಕನ್ನಡಿಯಲ್ಲಿ ಎಷ್ಟು ಸಾವಿರ ಸಲ ನೋಡಿದ್ದನೋ ಆ ಮುಖವನ್ನು, ಅದರ ಬಲ ಹುಬ್ಬಿನ ಕೆಳಗೆ ಐಸಿಗೆ ತಾಗಿ ಆದ ಹೊಸ ಗೀರನ್ನು, ಈಗ ನೇರವಾಗಿ ನೋಡಿದ. ಅವಳು ಅಳುತ್ತಿರಲಿಲ್ಲ. ತುಟಿ ಬಿಗಿದಿತ್ತು.

"ಬೈ ನನಗೆ," ಅಂದ. "ಎಷ್ಟು ಬೇಕೋ ಅಷ್ಟು ಬೈ."

"ನಿಜವಾಗ್ಲೂ ಬೈಲಾ?"

"ಬೈ."

ಅವಳು ಸೊಂಟದಿಂದ ಶುರುಮಾಡಿದಳು. ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತಿದ್ದ ರಾತ್ರಿಗಳನ್ನು ಹೇಳಿದಳು. ಗೆಳತಿಯರ ಮುಂದೆ ಪುಕ್ಕಲಿ ಎಂದು ಅವನು ಕರೆದ ದಿನವನ್ನು ಹೇಳಿದಳು, ಅವನಿಗದು ನೆನಪೇ ಇರಲಿಲ್ಲ. ಇನ್ನು ರಿಂಕ್ ಇಲ್ಲ, ಸ್ಕೇಟ್ಸ್ ಕಟ್ಟಿಕೊಂಡು ಎಲ್ಲಿಗೆ ಹೋಗಲಿ, ರಸ್ತೆಗೆ ಹೋಗಲಾ ಎಂದು ಕೇಳಿದಳು. ದನಿ ಏರುತ್ತ ಏರುತ್ತ ಚೀರಾಯಿತು. ಕ್ಷೌರಿಕ ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ, ಕಣ್ಣು ತಪ್ಪಿಸಲಿಲ್ಲ.

"ಅದೆಲ್ಲ ಹೋಗ್ಲಿ," ಎಂದಳು ಕೊನೆಗೆ, ಏದುಸಿರು ಬಿಡುತ್ತ. "ಯಾರು ಕಲಿಸಿದ್ದು ಅಂತ ಆ ಮೇಡಂ ಕೇಳಿದ್ರಲ್ಲ, ಆಗ ಯಾಕೆ ಸುಮ್ನಿದ್ದೆ? ನೀನು ಹೇಳ್ತೀಯ ಅಂತ ಕಾದೆ ನಾನು. ಎಷ್ಟು ಹೊತ್ತು ಕಾದೆ ಗೊತ್ತಾ? ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು," ಅಂದ ಅಪ್ಪ.

ಬುಗುರಿ ಅವನನ್ನೇ ನೋಡಿದಳು. ಅಷ್ಟು ದಿನ ಎಷ್ಟು ಬಿದ್ದರೂ ಬಾರದಿದ್ದ ಅಳು ಈಗ ಬಂತು. ಅವನು ಮುಟ್ಟಲು ಹೋದ, ಅವಳು ಕೈ ತಳ್ಳಿದಳು. ತಳ್ಳಿದ ಕೈಯನ್ನೇ ಮತ್ತೆ ಹಿಡಿದುಕೊಂಡಳು, ಆದರೆ ಕೋಪ ಬಿಡಲಿಲ್ಲ.

ಬಾಗಿಲು ಕಿರುಗುಟ್ಟಿತು. ಯಾರೋ ಗಿರಾಕಿ ತಲೆ ಒಳಗೆ ಹಾಕಿ ಕೇಳಿದ. "ಖಾಲಿ ಇದೆಯೇನಪ್ಪಾ?"

"ಇಲ್ಲ," ಅಂದ ಕ್ಷೌರಿಕ, ಮಗಳ ಮುಖದಿಂದ ಕಣ್ಣು ಕೀಳದೆ. "ಇನ್ನೂ ಬಹಳ ಹೊತ್ತಾಗುತ್ತೆ." ಬಾಗಿಲು ಮುಚ್ಚಿಕೊಂಡಿತು. "ಹೇಳು," ಅಂದ ಅವಳಿಗೆ. ಬುಗುರಿ ಮೂಗು ಒರೆಸಿಕೊಂಡು, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದಳು.